ಭಾನುವಾರ ಬೆಳಿಗ್ಗೆ ಏಳಕ್ಕೆ ಎಲ್ಲರೂ ಬನ್ನಿ, ಸೊಳ್ಳೆ ಹುಟ್ಟುವ ಜಾಗ ಹುಡುಕೋಣ

ಮನೆ 27:
ಎಲ್ಲರಿಗೂ ನಮಸ್ಕಾರ. ಈ ತಿಂಗಳು ನಮ್ಮ ರಸ್ತೆಯಲ್ಲಿ ಮೂರು ಮನೆಗೆ ಡೆಂಗಿ ಬಂದಿದೆ. ನಮ್ಮ ಮಗಳು ನಿನ್ನೆ ಆಸ್ಪತ್ರೆಯಿಂದ ಬಂದಳು. ಐದು ದಿನ ಪ್ಲೇಟ್‌ಲೆಟ್ ಎಷ್ಟಾಯಿತು ಅಂತ ಕೇಳುವುದೇ ನಮ್ಮ ಕೆಲಸವಾಗಿತ್ತು.

ಸೊಳ್ಳೆ ಎಲ್ಲಾ ಆ ಮೋರಿಯಿಂದಲೇ ಬರುತ್ತೆ ಅಂದುಕೊಂಡಿದ್ದೆ. ಇವತ್ತು ಟಾರ್ಚ್ ಹಿಡಿದು ತೋಟ ಸುತ್ತಿದೆ. ಅತ್ತೆಯವರ ಕಾಲದ ಒರಳುಕಲ್ಲು ಸಂಪಿಗೆ ಮರದ ಕೆಳಗಿದೆ. ಅದರ ಗುಳಿಯಲ್ಲಿ ಎರಡು ಬೆರಳಷ್ಟು ಮಳೆನೀರು, ಅದರ ತುಂಬಾ ಮರಿಹುಳು. ಮೋರಿಯ ಕೊಳಕು ನೀರಲ್ಲಿ ಹುಟ್ಟೋದು ಹೆಚ್ಚಾಗಿ ರಾತ್ರಿ ಕಚ್ಚುವ ಸೊಳ್ಳೆ. ಡೆಂಗಿ ತರುವ ಈಡಿಸ್ ಹಗಲು ಕಚ್ಚುತ್ತೆ. ಅದು ಮೊಟ್ಟೆ ಇಡೋದು ನಾವು ಮನೆಯಲ್ಲಿ ಹಿಡಿದಿಟ್ಟ, ಮರೆತುಬಿಟ್ಟ ತಿಳಿನೀರಿನಲ್ಲಿ. ಹುಟ್ಟಿದ ಜಾಗದಿಂದ ಬಹಳ ದೂರ ಹಾರುವುದೂ ಇಲ್ಲ. ಅಂದರೆ ನಮ್ಮ ಮಗಳಿಗೆ ಕಚ್ಚಿದ್ದು ಇದೇ ರಸ್ತೆಯದ್ದೇ ಇರಬೇಕು. ಒರಳಿಗೆ ಮರಳು ತುಂಬಿಸಿದ್ದೇವೆ. ಭಾನುವಾರ ಎಲ್ಲ ಮನೆಗೂ ಹೋಗಿ ಒಟ್ಟಿಗೆ ನೋಡೋಣ, ಆಗಬಹುದಾ?

ಮನೆ 9:
ಅದಕ್ಕಿಂತ ಹೊಗೆ ಹೊಡೆಯೋಕೆ ದೂರು ಕೊಡೋಣ ಮೇಡಂ. ನಾನು ಎರಡು ಸಲ ಫೋನ್ ಮಾಡಿದ್ದೇನೆ, ಯಾರೂ ಬಂದಿಲ್ಲ.

ಮನೆ 27:
ದೂರು ಕೊಡಿ ಸರ್, ನಾನೂ ಸಹಿ ಹಾಕುತ್ತೇನೆ. ಆದರೆ ಹೊಗೆಗೆ ಸಾಯೋದು ಹಾರುವ ಸೊಳ್ಳೆ ಮಾತ್ರ. ನೀರೊಳಗಿನ ಹುಳುವಿಗೆ ಏನೂ ಆಗಲ್ಲ. ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಎಲ್ಲವನ್ನೂ ಖಾಲಿ ಮಾಡಬೇಕು.

ಮನೆ 14:
ನಮ್ಮ ಕಡೆ ನೀರು ಬಿಡೋದೇ ಎರಡು ದಿನಕ್ಕೊಮ್ಮೆ. ಡ್ರಮ್ಮಿನ ನೀರು ಚೆಲ್ಲು ಅಂದ್ರೆ ಹೇಗಮ್ಮಾ? ನನಗೆ ಎಪ್ಪತ್ತೆರಡು, ಟ್ಯಾಂಕಿನ ಹತ್ತಿರ ಹತ್ತೋಕೂ ಆಗಲ್ಲ.

ಮನೆ 27:
ಚೆಲ್ಲಬೇಡಿ ಅಂಕಲ್. ಹಳೇ ಪಂಚೆ ಮುಚ್ಚಿ ಹಗ್ಗದಿಂದ ಬಿಗಿಯಾಗಿ ಕಟ್ಟಿ. ವಾರಕ್ಕೊಂದು ಸಲ ನೀರು ಮುಗಿದಾಗ ಒಳಗೋಡೆಯನ್ನು ಬ್ರಷ್ ಹಾಕಿ ತಿಕ್ಕಬೇಕು. ಸುಮ್ನೆ ತೊಳೆದು ಚೆಲ್ಲಿದರೆ ಸಾಲದು. ಮೊಟ್ಟೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಅಂಟಿಕೊಂಡಿರುತ್ತೆ. ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ, ಮತ್ತೆ ನೀರು ತಾಗಿದರೆ ಮರಿಯಾಗುತ್ತೆ.

ಮನೆ 22:
ಅಂಕಲ್, ಟ್ಯಾಂಕ್ ನಾನು ನೋಡ್ತೀನಿ. ಮುಚ್ಚಳ ಸರಿ ಮಾಡಿ, ನೀರು ಉಕ್ಕಿ ಹೋಗುವ ಪೈಪಿನ ಬಾಯಿಗೆ ಜಾಲರಿ ಕಟ್ಟಿ ಬರ್ತೀನಿ. ಸಂಪಿನ ಮುಚ್ಚಳದ ಸಂದಿಯನ್ನೂ ನೋಡೋಣ.

ಮನೆ 40:
ನಾನು ಮಕ್ಕಳಿಗೆ ಪಾಠ ಮಾಡುತ್ತಿದ್ದಾಗ ಹೇಳುತ್ತಿದ್ದ ಒಂದು ವಿಷಯ. ಸೊಳ್ಳೆಗೂ ಮಲೇರಿಯಾಗೂ ಇರುವ ನಂಟನ್ನು 1897ರಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಅದಕ್ಕೂ ಮೊದಲು, 1883ರಲ್ಲಿ, ನಮ್ಮ ಬೆಂಗಳೂರಿನಲ್ಲೇ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆ ವಿಪರೀತ. ಕಿಟಕಿ ಹತ್ತಿರದ ಪೀಪಾಯಿಯ ನೀರಿನಲ್ಲಿ ಮರಿಗಳು ಕಂಡವು. ನೀರು ಚೆಲ್ಲಿಸಿದರು, ಸೊಳ್ಳೆ ಕಡಿಮೆಯಾಯಿತು. ನಾವು ಮಾಡಬೇಕಾದದ್ದೂ ಅದೇ. ಭಾನುವಾರ ನಾನು ಬರುತ್ತೇನೆ.

ಮನೆ 31:
ನಮ್ಮ ತಾರಸಿಯಲ್ಲಿ ಅರವತ್ತು ಕುಂಡ ಇವೆ. ಕೆಳಗಿನ ತಟ್ಟೆಗಳನ್ನು ಇವತ್ತೇ ತೆಗೆದೆ. ತಾವರೆ ತೊಟ್ಟಿಗೆ ಏನು ಮಾಡಲಿ ಅಕ್ಕಾ?

ಮನೆ 27:
ನಾಲ್ಕೈದು ಗಪ್ಪಿ ಮೀನು ಬಿಡಿ, ಹುಳು ತಿಂದುಬಿಡುತ್ತವೆ. ಕೆರೆಗೆ ಮಾತ್ರ ಬಿಡಬೇಡಿ, ಅಲ್ಲಿನ ಮೀನುಗಳಿಗೆ ತೊಂದರೆ. ಮನಿ ಪ್ಲಾಂಟ್ ಬಾಟಲಿಯ ನೀರನ್ನೂ ವಾರಕ್ಕೊಮ್ಮೆ ಬದಲಿಸಿ. ಫ್ರಿಜ್ ಹಿಂದಿನ ಟ್ರೇಯನ್ನೂ ನೋಡಿ, ಯಾರಿಗೂ ನೆನಪಾಗದ ಜಾಗ ಅದು.

ಮನೆ 9:
ಸರಿ, ನಾನೂ ಬರ್ತೀನಿ. ಮೂಲೆಯ ಖಾಲಿ ಸೈಟು, ಪಕ್ಕದಲ್ಲಿ ಕಟ್ಟುತ್ತಿರುವ ಮನೆ ಇದೆಯಲ್ಲ, ಅಲ್ಲಿ ತೊಟ್ಟಿ ತೆರೆದೇ ಇದೆ. 2024ರ ಸರ್ಕಾರಿ ಆದೇಶದಲ್ಲಿ ನಗರದ ಇಂಥ ಜಾಗಕ್ಕೆ 2000 ರೂಪಾಯಿ, ಮನೆಗಳಿಗೆ 400 ರೂಪಾಯಿ ದಂಡ ಇಟ್ಟಿದ್ದರು. ಮೊದಲು ಮಾಲೀಕರ ಜೊತೆ ನಾನೇ ಮಾತಾಡ್ತೀನಿ, ಒಳ್ಳೇ ಮಾತಲ್ಲೇ.

ಮನೆ 18:
ನಮ್ಮ ಮಗನಿಗೆ ಜ್ವರ ಬಂದು ಇವತ್ತಿಗೆ ಮೂರನೇ ದಿನ. ಡೆಂಗಿ ಅಂತ ಬೆಳಿಗ್ಗೆ ಗೊತ್ತಾಯಿತು. ಅವನಿಗೆ ಕಚ್ಚಿದ ಸೊಳ್ಳೆ ಬೇರೆಯವರಿಗೆ ಕಚ್ಚಿದರೆ ಅವರಿಗೂ ಬರಬಹುದು ಅಂತ ಡಾಕ್ಟರ್ ಹೇಳಿದರು. ಅದಕ್ಕೆ ಹಗಲೂ ಸೊಳ್ಳೆಪರದೆಯಲ್ಲೇ ಮಲಗಿಸಿದ್ದೇನೆ. ಅವನನ್ನು ಬಿಟ್ಟು ಬರೋಕಾಗಲ್ಲ. ಹಿತ್ತಲಲ್ಲಿ ಎರಡು ಹಳೇ ಟೈರು, ತೆಂಗಿನ ಚಿಪ್ಪಿನ ರಾಶಿ ಇದೆ. ದಯವಿಟ್ಟು ಮೊದಲು ನಮ್ಮನೆಗೇ ಬರ್ತೀರಾ?

ಮನೆ 22:
ಭಾನುವಾರದವರೆಗೆ ಯಾಕೆ ಅಕ್ಕಾ, ಗೇಟು ತೆಗೆದಿಡಿ. ಈಗಲೇ ಬರ್ತಿದ್ದೀನಿ.