ಅಲೆ ಚಿಕ್ಕದಾಗಿದೆ ಅಂತ ಗೇನ್ ಏರಿಸಬೇಡಿ

ನೀವು ಗುಂಪಿನಲ್ಲಿ ಹಾಕಿದ ಮೂರೂ ಡ್ರೈ ಗಿಟಾರ್ ಟೇಕ್‌ಗಳನ್ನು (ಆಂಪ್‌ನ ಟೋನ್ ಇನ್ನೂ ಸೇರದ, ಗಿಟಾರ್‌ನಿಂದ ನೇರ ಬಂದ ರೆಕಾರ್ಡಿಂಗ್) ಹೆಡ್‌ಫೋನ್ ಹಾಕಿಕೊಂಡು ಎರಡೆರಡು ಸಲ ಕೇಳಿದೆ. ಮಾತಾಡಿದ ಹಾಗೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ. ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಪರದೆ ಮೇಲೆ ಧ್ವನಿಯ ಅಲೆ ದಾರದ ಎಳೆಯ ಹಾಗೆ ಸಣ್ಣಗೆ ಕಾಣುತ್ತದೆ, ಇನ್ನೊಬ್ಬರು ನಾರ್ಮಲೈಸ್ ಮಾಡಿ (ಅತಿ ಜೋರಾದ ಜಾಗ ಮಿತಿ ಮುಟ್ಟುವಷ್ಟು ಇಡೀ ಫೈಲನ್ನು ಏರಿಸಿ) ಅಂದರು, ಹಾಗೆ ಮಾಡಲಾ, ಇಲ್ಲ ಗೇನ್, ಅಂದರೆ ಒಳಬರುವ ಸಿಗ್ನಲ್‌ನ ಮಟ್ಟ, ಏರಿಸಿ ಮತ್ತೆ ನುಡಿಸಲಾ?

ಎರಡೂ ಬೇಡ.

ಮೀಟರ್ ಹಾಕಿ ನೋಡಿದೆ. ನೀವು ಜೋರಾಗಿ ಹೊಡೆದಾಗ ಮೈನಸ್ 14 ಡಿಬಿ (ಡೆಸಿಬೆಲ್) ಹತ್ತಿರ ಹೋಗುತ್ತದೆ; ಸೊನ್ನೆಯೇ ಮೇಲಿನ ಮಿತಿ. ಅದು ಒಳ್ಳೆಯ ಜಾಗ. ನೀವು 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ದೀರಿ. ಒಂದೊಂದು ಬಿಟ್‌ಗೆ ಸುಮಾರು 6 ಡಿಬಿ ಲೆಕ್ಕ ಹಿಡಿಯಿರಿ. ಮೇಲೆ 18 ಡಿಬಿ ಖಾಲಿ ಬಿಟ್ಟರೂ ಮೂರೇ ಬಿಟ್ ಹೋಗುತ್ತದೆ, ಇನ್ನೂ 21 ಉಳಿಯುತ್ತದೆ. ಗಿಟಾರನ್ನು ಕಂಪ್ಯೂಟರ್‌ಗೆ ಸೇರಿಸುವ ಇಂಟರ್‌ಫೇಸ್‌ನ ಸ್ವಂತ ಗದ್ದಲವೇ ಅದಕ್ಕಿಂತ ಮೇಲಿರುತ್ತದೆ. 16 ಬಿಟ್ ಕಾಲದಲ್ಲಿ ಮೀಟರ್ ತುಂಬಿಸಬೇಕು ಅಂತ ಕಲಿತವರು ಈಗಲೂ ಅದನ್ನೇ ಹೇಳುತ್ತಾರೆ. ಅಲೆ ದೊಡ್ಡದಾಗಿ ಕಾಣಬೇಕು ಅಂದರೆ ಸುಮ್ನೆ ಚಿತ್ರವನ್ನು ಜೂಮ್ ಮಾಡಿ. ಎಲ್ಲ ಸಾಫ್ಟ್‌ವೇರ್‌ನಲ್ಲೂ ಆ ಸೌಕರ್ಯ ಇದೆ, ಧ್ವನಿಗೆ ಏನೂ ಆಗುವುದಿಲ್ಲ.

ಗೇನ್ ಏರಿಸಿ ನಾನು ಒಂದು ಹಾಡನ್ನೇ ಕಳೆದುಕೊಂಡಿದ್ದೇನೆ. ಮೆಲ್ಲಗೆ ನುಡಿಸುವ ಭಾಗಕ್ಕೆ ತಕ್ಕ ಹಾಗೆ ಗೇನ್ ಇಟ್ಟಿದ್ದೆ. ಜೋರು ಭಾಗ ಬಂದಾಗ ಡ್ರೈ ಸಿಗ್ನಲ್ ಮಿತಿ ದಾಟಿ ಕ್ಲಿಪ್ ಆಯಿತು. ನುಡಿಸುವಾಗ ಕಿವಿಗೆ ಡಿಸ್ಟಾರ್ಷನ್ ಟೋನ್ ಬರುತ್ತಿತ್ತು, ಹಾಗಾಗಿ ಒಡೆದಿದ್ದು ಗೊತ್ತೇ ಆಗಲಿಲ್ಲ. ವಾರದ ನಂತರ ಅದೇ ಟ್ರ್ಯಾಕನ್ನು ಕ್ಲೀನ್ ಆಂಪ್‌ಗೆ ಕಳಿಸಿದಾಗ ಪ್ರತಿ ಹೊಡೆತಕ್ಕೂ ಚಟಚಟ. ಅಂಥ ಟೇಕ್ ಮತ್ತೆ ಬರಲೇ ಇಲ್ಲ. ಅದಕ್ಕೇ ಹೇಳುತ್ತೇನೆ, ಇಡೀ ಹಾಡಿನಲ್ಲಿ ನೀವು ಅತಿ ಜೋರಾಗಿ ಹೊಡೆಯುವ ಸಾಲನ್ನು ಮೊದಲು ನುಡಿಸಿ. ಅದು ಮೈನಸ್ 12 ಆಸುಪಾಸಿನಲ್ಲಿ ನಿಲ್ಲುವ ಹಾಗೆ ಗೇನ್ ಇಟ್ಟು, ಆಮೇಲೆ ಗುಂಡಿ ಮುಟ್ಟಬೇಡಿ. ಗುಂಡಿ ಎಲ್ಲಿತ್ತು ಅಂತ ಬರೆದಿಡಿ, ಮುಂದಿನ ದಿನ ಬೇಕಾಗುತ್ತದೆ.

ನಾರ್ಮಲೈಸ್ ಯಾಕೆ ಬೇಡ? ಆಂಪ್ ಆಗಲಿ, ಆಂಪ್ ಪ್ಲಗಿನ್ (ಆಂಪನ್ನು ಅನುಕರಿಸುವ ಸಾಫ್ಟ್‌ವೇರ್) ಆಗಲಿ, ಒಳಗೆ ಬರುವ ಮಟ್ಟ ನೋಡಿಕೊಂಡೇ ಸ್ವರವನ್ನು ಒಡೆಯುತ್ತದೆ, ಅಂದರೆ ಡಿಸ್ಟಾರ್ಷನ್ ಕೊಡುತ್ತದೆ. ನೀವು ಮೆಲ್ಲಗೆ ನುಡಿಸಿದ್ದು ಕಡಿಮೆ ಒಡೆಯಬೇಕು, ಜೋರಾಗಿ ನುಡಿಸಿದ್ದು ಜಾಸ್ತಿ. ಒಂದೊಂದು ಟೇಕನ್ನೂ ಬೇರೆ ಬೇರೆಯಾಗಿ ನಾರ್ಮಲೈಸ್ ಮಾಡಿದರೆ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಒಂದೇ ಹಾಡಿನಲ್ಲಿ ಎರಡು ಆಂಪ್ ಇದ್ದ ಹಾಗೆ ಕೇಳಿಸುತ್ತದೆ. ಪ್ಲಗಿನ್‌ಗೆ ಸಿಗ್ನಲ್ ಸಾಲದು ಅನ್ನಿಸಿದರೆ ಅದರ ಇನ್‌ಪುಟ್ ಗುಂಡಿಯನ್ನು ಒಮ್ಮೆ ಏರಿಸಿ, ಎಲ್ಲ ಟೇಕ್‌ಗೂ ಅದೇ ಇರಲಿ.

ಈಗ ನಿಜವಾಗಿ ಚಿಂತೆ ಮಾಡಬೇಕಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೊದಲ ಟೇಕ್‌ನಲ್ಲಿ ಹಮ್, ಅಂದರೆ ವಿದ್ಯುತ್ತಿನ ಗುಂಯ್ ಸದ್ದು, ಇದೆ. ಡ್ರೈ ಫೈಲ್‌ನಲ್ಲಿ ಅದು ಅಷ್ಟಾಗಿ ಕೇಳುವುದಿಲ್ಲ, ಹಾಗಾಗಿ ನೀವು ಬಿಟ್ಟುಬಿಟ್ಟಿದ್ದೀರಿ. ಆದರೆ ಹೈ ಗೇನ್ ಆಂಪ್ ಏನು ಮಾಡುತ್ತದೆ ನೋಡಿ. ಜೋರಾದ ಸ್ವರ ಮೇಲೆ ಹೋಗಿ ಚಾವಣಿಗೆ ತಗುಲಿ ಅಲ್ಲೇ ನಿಲ್ಲುತ್ತದೆ. ಹಮ್‌ಗೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಮೈನಸ್ 70ರಲ್ಲಿದ್ದ ಹಮ್‌ಗೆ 40 ಡಿಬಿ ಗೇನ್ ಸಿಕ್ಕರೆ ಮೈನಸ್ 30ಕ್ಕೆ ಬಂದು ಕೂರುತ್ತದೆ. ಸ್ವರ ನಿಂತ ಕೂಡಲೇ ಅದೇ ಕೇಳಿಸುತ್ತದೆ. ಇಂಟರ್‌ಫೇಸ್ ಗೇನ್ ಏರಿಸಿದರೂ ಇದು ಸರಿಹೋಗುವುದಿಲ್ಲ. ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಹಿಡಿದ ಹಮ್ ಸ್ವರದ ಜೊತೆಗೇ ಏರುತ್ತದೆ.

ಅದನ್ನು ಬರುವ ಕಡೆಯೇ ತಡೆಯಬೇಕು. ರೆಕಾರ್ಡ್ ಮಾಡುವ ಮುಂಚೆ ಹೈ ಗೇನ್ ಪ್ಲಗಿನ್ ಹಾಕಿ, ತಂತಿಗಳನ್ನು ಕೈಯಿಂದ ಮುಚ್ಚಿ, ಕುರ್ಚಿಯಲ್ಲೇ ಮೆಲ್ಲಗೆ ತಿರುಗಿ. ಒಂದು ದಿಕ್ಕಿನಲ್ಲಿ ಹಮ್ ಥಟ್ಟನೆ ಇಳಿಯುತ್ತದೆ. ಆ ದಿಕ್ಕಿಗೇ ಕೂತು ನುಡಿಸಿ. ನಿಮ್ಮದು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ, ಪಿಕಪ್ ಆದ್ದರಿಂದ ಇದು ಇನ್ನೂ ಮುಖ್ಯ. ಹಂಬಕರ್ ಪಿಕಪ್ ಬಂದಿದ್ದೇ 1950ರ ದಶಕದಲ್ಲಿ ಈ ತೊಂದರೆ ಕಳೆಯಲು: ಎರಡು ಸುರುಳಿ, ಹಿಡಿದ ಹಮ್ ಒಂದನ್ನೊಂದು ಕಳೆಯುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಒಮ್ಮೆ ನೋಡಿ. ಡಿಮ್ಮರ್ ಇರುವ ದೀಪ ಆರಿಸಿ. ಮಾನಿಟರ್ ಪರದೆಯಿಂದ ಒಂದೆರಡು ಹೆಜ್ಜೆ ದೂರ ಸರಿಯಿರಿ. ಕೇಬಲ್ ಚಿಕ್ಕದಿರಲಿ. ಪ್ರತಿ ಟೇಕ್ ಮುಂಚೆ ಐದು ಸೆಕೆಂಡ್ ಏನೂ ನುಡಿಸದೆ ರೆಕಾರ್ಡ್ ಮಾಡಿ. ಮುಂದೆ ಗದ್ದಲ ಕಳೆಯಬೇಕಾಗಿ ಬಂದರೆ ಆ ಮಾದರಿ ಉಪಯೋಗಕ್ಕೆ ಬರುತ್ತದೆ.

ಮೂರನೇ ಟೇಕ್ ಮಂಕಾಗಿದೆ ಅಂದಿರಿ. ಅದು ತಂತಿ ಹಳೆಯದಾಗಿದ್ದಕ್ಕಲ್ಲ. ಆ ಸಲ ನೀವು ಲೈನ್ ಇನ್‌ಪುಟ್‌ಗೆ ಚುಚ್ಚಿದ್ದೀರಿ ಅಂತ ನನ್ನ ಅನುಮಾನ. ಗಿಟಾರ್ ಪಿಕಪ್‌ಗೆ ಸುಮಾರು 1 ಮೆಗಾ ಓಮ್ ಪ್ರತಿರೋಧದ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತಾರು ಕಿಲೋ ಓಮ್ ಇರುತ್ತದೆ, ಅದು ಪಿಕಪ್ ಮೇಲೆ ಭಾರ ಹಾಕಿ ಮೇಲಿನ ಹೊಳಪನ್ನು ತಿಂದುಬಿಡುತ್ತದೆ. ಇನ್ಸ್ಟ್ರುಮೆಂಟ್ ಅಥವಾ ಹೈ-ಝಡ್ ಅನ್ನುವ ಸ್ವಿಚ್ ಒತ್ತಿದೆಯಾ ನೋಡಿಕೊಳ್ಳಿ. ಈಕ್ಯೂ (ಧ್ವನಿಯ ಮೇಲಿನ, ಕೆಳಗಿನ ಭಾಗವನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ಹಾಕಿ ಆ ಹೊಳಪನ್ನು ವಾಪಸ್ ತರಲು ಹೋದರೆ ಗದ್ದಲವೂ ಏರುತ್ತದೆ, ಆ ಟೇಕ್ ಬಿಟ್ಟುಬಿಡಿ.

ಎಡಿಟಿಂಗ್ ಎಲ್ಲ ಡ್ರೈ ಟ್ರ್ಯಾಕ್‌ನಲ್ಲೇ ಮುಗಿಸಿ, ಆಮೇಲೆ ರಿಆಂಪ್ ಮಾಡಿ, ಅಂದರೆ ಆ ಟ್ರ್ಯಾಕನ್ನು ಆಂಪ್‌ಗೆ ಕಳಿಸಿ ಮತ್ತೆ ರೆಕಾರ್ಡ್ ಮಾಡಿ. ಒಡೆದ ಟೋನ್‌ನ ಅಲೆ ಇಟ್ಟಿಗೆಯ ಹಾಗೆ ಕಾಣುತ್ತದೆ, ಪಿಕ್ ಎಲ್ಲಿ ತಂತಿಗೆ ತಾಗಿತು ಅಂತ ಗೊತ್ತಾಗುವುದಿಲ್ಲ. ಡ್ರೈ ಅಲೆಯಲ್ಲಿ ಪ್ರತಿ ಹೊಡೆತ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಆ ಮುಳ್ಳಿಗಿಂತ ಸ್ವಲ್ಪ ಮುಂಚೆ ಕತ್ತರಿಸಿ, ಹಿಂದಿನ ಸ್ವರದ ಬಾಲದಲ್ಲಿ 3ರಿಂದ 5 ಮಿಲಿ ಸೆಕೆಂಡ್ ಕ್ರಾಸ್‌ಫೇಡ್ (ಒಂದು ತುಣುಕು ಇಳಿಯುತ್ತಾ ಇನ್ನೊಂದು ಏರುವುದು) ಕೊಡಿ. ಆಂಪ್‌ಗೆ ಹೋಗುವಾಗ ಅದು ಒಂದೇ ಉಸಿರಿನ ನುಡಿಸುವಿಕೆಯಾಗಿ ಹೋಗುತ್ತದೆ, ಬೆಸುಗೆ ಕೇಳಿಸುವುದಿಲ್ಲ. ಇದು ನನಗೆ ಈ ಕೆಲಸದಲ್ಲೇ ಅತಿ ಇಷ್ಟವಾದ ಭಾಗ. ಹಾಗಂತ ಪ್ರತಿ ಸ್ವರವನ್ನೂ ತಾಳದ ಗ್ರಿಡ್‌ಗೆ ಎಳೆಯಬೇಡಿ, ನಿಮ್ಮ ಕೈಯ ಚಲನೆ ಸತ್ತುಹೋಗುತ್ತದೆ. ಗೇಟ್ (ಸ್ವರ ಇಲ್ಲದಾಗ ಸದ್ದನ್ನು ಮುಚ್ಚುವ ಸಾಧನ) ಬೇಕಿದ್ದರೆ ಆಂಪ್ ನಂತರ ಹಾಕಿ, ಅದರ ಸೈಡ್‌ಚೈನ್‌ಗೆ, ಅಂದರೆ ಯಾವಾಗ ತೆರೆಯಬೇಕು ಅಂತ ಅದು ಕೇಳಿಕೊಳ್ಳುವ ದಾರಿಗೆ, ಡ್ರೈ ಟ್ರ್ಯಾಕ್ ಕೊಡಿ. ಡ್ರೈನಲ್ಲಿ ಸ್ವರಕ್ಕೂ ಗದ್ದಲಕ್ಕೂ ಅಂತರ ಜಾಸ್ತಿ, ಗೇಟ್ ತಪ್ಪುವುದು ಕಡಿಮೆ.

ನಿಜವಾದ ಆಂಪ್‌ಗೆ ಕಳಿಸುವ ದಿನ ಇಂಟರ್‌ಫೇಸ್‌ನ ಲೈನ್ ಔಟ್ ಮತ್ತು ಆಂಪ್ ನಡುವೆ ಒಂದು ರಿಆಂಪ್ ಬಾಕ್ಸ್ ಇಡಿ. ಲೈನ್ ಔಟ್ ಮಟ್ಟ ಗಿಟಾರ್‌ಗಿಂತ ತುಂಬ ಜಾಸ್ತಿ, ಬಾಕ್ಸ್ ಅದನ್ನು ಇಳಿಸುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಬಾಕ್ಸ್ ಆದರೆ ಗ್ರೌಂಡ್ ಲೂಪ್‌ನ ಗುಂಯ್‌ಗುಡುವಿಕೆಯನ್ನೂ ತಡೆಯುತ್ತದೆ. ಗಿಟಾರನ್ನು ನೇರ ಆಂಪ್‌ಗೆ ಹಾಕಿದಾಗ ಎಷ್ಟು ಒಡೆಯುತ್ತಿತ್ತೋ ಅಷ್ಟೇ ಒಡೆಯುವ ತನಕ ಬಾಕ್ಸ್‌ನ ಗುಂಡಿ ತಿರುಗಿಸಿ.

ಎರಡನೇ ಟೇಕ್ ಮಾತ್ರ ಅಳಿಸಬೇಡಿ. ಹಮ್ ಕಡಿಮೆ ಇದೆ, ಕೊನೆಯ ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಅದುಮಿ ನುಡಿಸಿದ) ಸಾಲು ತುಂಬಾ ಚೆನ್ನಾಗಿ ಬಂದಿದೆ. ಅದರ ಒಂದು ಪ್ರತಿ ಮುಟ್ಟದೆ ಬೇರೆ ಕಡೆ ಇಟ್ಟು, ಮೊದಲ ಬಾರ್‌ನಿಂದಲೇ ಶುರುವಾಗುವ ಮೋನೋ ವೇವ್ ಫೈಲ್ ಮಾಡಿ ನನಗೆ ಕಳಿಸಿ. ಇಲ್ಲಿ ಎರಡು ಆಂಪ್‌ನಲ್ಲಿ ಓಡಿಸಿ ವಾಪಸ್ ಹಾಕುತ್ತೇನೆ.