ಕಾಂಡ್ಲಾ ಸಸಿಗಳು ಎರಡನೇ ವರ್ಷ ಸಾಯುತ್ತಿವೆ: ಯಾವ ಅಂಕಿಅಂಶ ಪರೀಕ್ಷೆ ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಸಂಸ್ಥೆ ಅಳಿವೆಯಂಚಿನ ಕೆಸರು ಬಯಲಿನಲ್ಲಿ ರೈಜೋಫೊರಾ ಜಾತಿಯ ಕಾಂಡ್ಲಾ (ಮ್ಯಾಂಗ್ರೋವ್) ಸಸಿಗಳನ್ನು ನೆಟ್ಟಿದೆ. ಮೊದಲ ವರ್ಷ ಶೇ. 80ರಷ್ಟು ಬದುಕಿದ್ದವು, ಎರಡನೇ ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಸತ್ತಿವೆ. ಉಳಿದವುಗಳ ಕಾಂಡಕ್ಕೂ ಬಾರ್ನಕಲ್ ಚಿಪ್ಪುಗಳು ದಟ್ಟವಾಗಿ ಅಂಟಿಕೊಂಡಿವೆ. ನೆಟ್ಟ ಜಾಗದಲ್ಲಿ 20, ಪಕ್ಕದ ಹಳೆಯ ಕಾಂಡ್ಲಾ ಕಾಡಿನಲ್ಲಿ 20 ಚೌಕಗಳ (ಗಿಡ ಎಣಿಸಲು ಗುರುತಿಸಿದ ಸಣ್ಣ ತುಂಡು ನೆಲಗಳ) ಮಾಹಿತಿ ನಮ್ಮ ಬಳಿ ಇದೆ. ಯೋಜನೆ ಯಶಸ್ವಿಯಾಗಿದೆಯೇ ಎಂಬುದಕ್ಕೆ ಅನುದಾನ ಕೊಟ್ಟವರು ಅಂಕಿಅಂಶಗಳ ಆಧಾರ ಕೇಳುತ್ತಿದ್ದಾರೆ. ಯಾವ ಪರೀಕ್ಷೆ ಬಳಸಬೇಕು? ಖಾಲಿಯಾದ ಜಾಗದಲ್ಲಿ ಮತ್ತೆ ಸಸಿ ನೆಡಬಹುದೇ?

ಉತ್ತರ: ನಮಸ್ಕಾರ ಮೇಡಂ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಸದ್ಯಕ್ಕೆ ನೆಡಬೇಡಿ. ನೀವು ಹೇಳಿದ ಬಾರ್ನಕಲ್‌ಗಳೇ ಇಲ್ಲಿ ಮುಖ್ಯ ಸುಳಿವು. ದಿನದ ಬಹುಪಾಲು ನೀರಿನಲ್ಲಿ ಮುಳುಗಿರುವ ಕಾಂಡಗಳ ಮೇಲೆ ಅವು ದಟ್ಟವಾಗಿ ಕೂರುತ್ತವೆ. ಆದ್ದರಿಂದ ನಿಮ್ಮ ಬಯಲು ಕಾಂಡ್ಲಾಕ್ಕೆ ಬೇಕಾದುದಕ್ಕಿಂತ ತಗ್ಗಿನಲ್ಲಿರುವ ಸಾಧ್ಯತೆ ಹೆಚ್ಚು. ಕಾಂಡ್ಲಾ ಗಿಡಗಳು ಸಾಮಾನ್ಯವಾಗಿ ಸರಾಸರಿ ಸಮುದ್ರಮಟ್ಟಕ್ಕಿಂತ ಮೇಲೆ, ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರ ಮುಟ್ಟುವ ಮಟ್ಟದೊಳಗೆ ಬೆಳೆಯುತ್ತವೆ. ರೈಜೋಫೊರಾದ ಉದ್ದನೆಯ ಮೊಳಕೆಯಲ್ಲಿ ಸಂಗ್ರಹವಾಗಿರುವ ಆಹಾರದ ಬಲದಿಂದ ಸಸಿ ತಪ್ಪು ಜಾಗದಲ್ಲೂ ಕೆಲವು ತಿಂಗಳು ಹಸಿರಾಗಿಯೇ ಇರಬಲ್ಲದು. ಹೀಗಾಗಿ ಮೊದಲ ವರ್ಷದ ಶೇಕಡಾವಾರನ್ನು ನಾನು ಎಂದೂ ಯಶಸ್ಸೆಂದು ಎಣಿಸುವುದಿಲ್ಲ.

ಇದು ನಿಮ್ಮ ಸಂಸ್ಥೆಯೊಂದರ ಕಥೆಯಲ್ಲ. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ಹೆಕ್ಟೇರ್‌ಗಳಲ್ಲಿ ಕಾಂಡ್ಲಾ ನೆಡಲಾಯಿತು. 2017ರಲ್ಲಿ ಪ್ರಕಟವಾದ ಅಧ್ಯಯನವು ಪರಿಶೀಲಿಸಿದ 23 ತಾಣಗಳ ಪೈಕಿ 9ರಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಅಮೆರಿಕದ ಫ್ಲೋರಿಡಾದ ವೆಸ್ಟ್ ಲೇಕ್‌ನಲ್ಲಿ ಕಾಂಡ್ಲಾ ಪುನಶ್ಚೇತನ ತಜ್ಞ ರಾಬಿನ್ ಲೂಯಿಸ್ ಅವರ ಮಾರ್ಗದರ್ಶನದಲ್ಲಿ ಹಿಂದೆ ಸುರಿದಿದ್ದ ಮಣ್ಣನ್ನು ತೆಗೆದು, ನೆಲವನ್ನು ಪಕ್ಕದ ಕಾಡಿನ ಮಟ್ಟಕ್ಕೆ ತಂದು, ಉಬ್ಬರದ ನೀರು ಹರಿದಾಡುವಂತೆ ಮಾಡಿದಾಗ, ಅಲ್ಲಿನ ಮೂರೂ ಜಾತಿಯ ಕಾಂಡ್ಲಾಗಳು ಯಾರೂ ನೆಡದೆಯೇ ಬೆಳೆದುಬಂದವು.

ಮಟ್ಟವನ್ನು ಅಳೆಯಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಗಾಳಿಯಿಲ್ಲದ ದಿನ, ಉಬ್ಬರ ತುಂಬಿ ನೀರು ನಿಂತ ಹೊತ್ತಿನಲ್ಲಿ, ಒಬ್ಬರು ನಿಮ್ಮ ಸಸಿಗಳ ನಡುವೆಯೂ ಇನ್ನೊಬ್ಬರು ಹಳೆಯ ಕಾಡಿನಲ್ಲಿ ಅದೇ ಜಾತಿಯ ಮರಗಳು ಸಮುದ್ರದ ಕಡೆ ಕೊನೆಗೊಳ್ಳುವ ಅಂಚಿನಲ್ಲಿಯೂ ನಿಂತು, ಒಂದೇ ಕ್ಷಣದಲ್ಲಿ ಅಳತೆಕೋಲಿನಿಂದ ನೀರಿನ ಆಳವನ್ನು ನೋಡಲಿ. ಎರಡು ಜಾಗಗಳು ಹತ್ತಿರವಿದ್ದು, ನಡುವೆ ನೀರು ತಡೆಯಿಲ್ಲದೆ ಸೇರಿಕೊಂಡಿದ್ದರೆ, ಆಳಗಳ ವ್ಯತ್ಯಾಸವೇ ನೆಲದ ಮಟ್ಟದ ವ್ಯತ್ಯಾಸ. ನಿಮ್ಮಲ್ಲಿ ಆಳ ಹೆಚ್ಚಿದ್ದರೆ ಮತ್ತೆ ನೆಡುವುದು ಸಸಿಗೂ ಹಣಕ್ಕೂ ನಷ್ಟ.

ಇನ್ನು ಪರೀಕ್ಷೆಯ ವಿಷಯ. 40 ಚೌಕಗಳಿದ್ದರೂ ನೀವು ಹೋಲಿಸುತ್ತಿರುವುದು ಒಂದು ನೆಟ್ಟ ತಾಣವನ್ನು ಒಂದು ಕಾಡಿನೊಂದಿಗೆ ಮಾತ್ರ. ಒಂದೇ ತಾಣದ ಚೌಕಗಳನ್ನು ಸ್ವತಂತ್ರ ಪುನರಾವರ್ತನೆಗಳೆಂದು ಎಣಿಸುವ ಈ ದೋಷವನ್ನು ಪರಿಸರ ವಿಜ್ಞಾನಿ ಹರ್ಲ್‌ಬರ್ಟ್ 1984ರಲ್ಲೇ ವಿವರವಾಗಿ ತೋರಿಸಿದ್ದಾರೆ. ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ-ಪರೀಕ್ಷೆ ಮಾಡಿದರೆ ಪಿ-ಮೌಲ್ಯ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ಸಣ್ಣದಾಗಿ ಬರಬಹುದು, ಆದರೆ ಅದು ಎರಡು ಜಾಗಗಳು ಬೇರೆಬೇರೆ ಎನ್ನುತ್ತದೆಯೇ ಹೊರತು ನೆಟ್ಟದ್ದರ ಫಲವನ್ನು ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ಏನನ್ನೂ ನೆಡದೆ ಬಿಟ್ಟ, ಅದೇ ಮಟ್ಟದ ಹಾಳುಬಿದ್ದ ಜಾಗ. ಹೆಚ್ಚಿನ ಯೋಜನೆಗಳಲ್ಲಿ ಇಲ್ಲದಿರುವುದೂ ಅದೇ. ಅಂಥ ಕೆಲವು ಜಾಗಗಳನ್ನೂ ಒಂದಕ್ಕಿಂತ ಹೆಚ್ಚು ಕಾಡುಗಳನ್ನೂ ಸೇರಿಸಿಕೊಳ್ಳಿ. ನಂತರ ಬದುಕಿದೆ, ಸತ್ತಿದೆ ಎಂಬ ಎರಡೇ ಉತ್ತರದ ದತ್ತಾಂಶಕ್ಕೆ ಲಾಜಿಸ್ಟಿಕ್ ಮಿಶ್ರ ಮಾದರಿಯನ್ನು (ಬದುಕುವ ಸಂಭವವನ್ನು ಅಂದಾಜಿಸುತ್ತಲೇ, ಒಂದೇ ಜಾಗದ ಸಸಿಗಳು ಪರಸ್ಪರ ಹೋಲುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾದರಿ) ಹೊಂದಿಸಿ, ತಾಣ ಮತ್ತು ಚೌಕಗಳನ್ನು ಯಾದೃಚ್ಛಿಕ ಪರಿಣಾಮಗಳಾಗಿಯೂ (ಜಾಗದಿಂದ ಜಾಗಕ್ಕಿರುವ ಏರುಪೇರು) ನೆಲದ ಮಟ್ಟವನ್ನು ವಿವರಣಾ ಚಲಕವಾಗಿಯೂ (ಸಾವಿಗೆ ಕಾರಣವಿರಬಹುದಾದ ಅಂಶ) ಇಡಿ. ಆರ್ (R) ಎಂಬ ಅಂಕಿಅಂಶ ತಂತ್ರಾಂಶದಲ್ಲಿ ಇದು ಸುಲಭ. ಸದ್ಯದ ವರದಿಯಲ್ಲಿ ಪಿ-ಮೌಲ್ಯವನ್ನು ಬಿಟ್ಟು, ಪ್ರತಿ ತಾಣದ ಬದುಕುಳಿಯುವಿಕೆಯನ್ನು ವಿಶ್ವಾಸಾಂತರದೊಂದಿಗೆ (ಅಂದಾಜು ಎಷ್ಟರಿಂದ ಎಷ್ಟರವರೆಗೆ ಇರಬಹುದೆಂಬ ವ್ಯಾಪ್ತಿ) ವರ್ಷವಾರು ತೋರಿಸುವುದೇ ಪ್ರಾಮಾಣಿಕ ದಾರಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಸರ್, ಚೌಕಗಳ ಬದಲು ಉಪಗ್ರಹ ಚಿತ್ರದ ಸಸ್ಯ ಸೂಚ್ಯಂಕವನ್ನು (ನೆಲದ ಹಸಿರಿನ ಪ್ರಮಾಣವನ್ನು ಸೂಚಿಸುವ ಸಂಖ್ಯೆ) ಬಳಸಬಹುದೇ?

ಉತ್ತರ: ಎಳೆಯ ಸಸಿಗಳಿಗೆ ಅದನ್ನು ನೆಚ್ಚಲಾಗದು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಅತಿ ಸೂಕ್ಷ್ಮ ಚಿತ್ರಬಿಂದುವೂ 10 ಮೀಟರ್ ಅಗಲವಿರುತ್ತದೆ. ಅದರೊಳಗೆ ಸಸಿಗಿಂತ ಕೆಸರೇ ಹೆಚ್ಚು. ಒದ್ದೆ ಕೆಸರು ಸೂಚ್ಯಂಕವನ್ನು ತಗ್ಗಿಸಿದರೆ, ಪಾಚಿಯ ಹೊದಿಕೆ ಅದನ್ನು ಏರಿಸಿ ಗಿಡವಿಲ್ಲದ ಕಡೆಯೂ ಹಸಿರನ್ನು ತೋರಿಸುತ್ತದೆ. ಗಿಡಗಳು ಬೆಳೆದು ಎಲೆಗಳ ಮೇಲ್ಚಾವಣಿ ಕೂಡಿಕೊಂಡ ಮೇಲೆ ಖಂಡಿತ ಬಳಸಿ, ಆದರೆ ಇಳಿತದ ಒಂದೇ ಹಂತದಲ್ಲಿ ತೆಗೆದ ಚಿತ್ರಗಳನ್ನು ಮಾತ್ರ ಹೋಲಿಸಿ.

ಮೊದಲ ಸದಸ್ಯೆಯ ಪ್ರತಿಕ್ರಿಯೆ: ಮಟ್ಟವನ್ನು ಅಳೆಯಿಸುತ್ತೇವೆ ಸರ್. ಮೊದಲ ವರ್ಷ ಸತ್ತ ಕೆಲವು ಸಸಿಗಳ ಜಾಗದಲ್ಲಿ ಹೊಸದನ್ನು ನೆಟ್ಟಿದ್ದೆವು. ಆ 80ರ ಲೆಕ್ಕದಲ್ಲಿ ಅವೂ ಸೇರಿವೆ.

ಉತ್ತರ: ಹಾಗಾದರೆ ಆ ಸಂಖ್ಯೆಯನ್ನು ತಿದ್ದಬೇಕು ಮೇಡಂ. ಛೇದದಲ್ಲಿ ಮೊದಲು ನೆಟ್ಟ ಸಸಿಗಳು, ಅಂಶದಲ್ಲಿ ಅವುಗಳ ಪೈಕಿ ಉಳಿದವು ಮಾತ್ರ ಇರಲಿ. ಬದಲಿ ಸಸಿಗಳಿಗೆ ನೆಟ್ಟ ದಿನಾಂಕದೊಡನೆ ಪ್ರತ್ಯೇಕ ಕಲಂ, ತಾನಾಗಿ ಹುಟ್ಟಿದವುಗಳಿಗೆ ಇನ್ನೊಂದು ಕಲಂ ಇಡಿ. ತಿದ್ದಿದ ಅಂಕಿಯನ್ನೂ ತಿದ್ದಲು ಕಾರಣವನ್ನೂ ಅನುದಾನ ಕೊಟ್ಟವರಿಗೆ ಇದೇ ವರದಿಯಲ್ಲಿ ತಿಳಿಸಿಬಿಡಿ.