ಹಿತ್ತಲ ತೆಂಗಿನ ಕಾಂಡದಲ್ಲಿ ಕಂದು ರಸ: ಸೋರುವ ರೋಗವೋ, ಅಣಬೆ ರೋಗವೋ?

ಹಿತ್ತಲಮನೆ: ತಿಪಟೂರು ಕಡೆ, ಸುಮಾರು 30 ವರ್ಷದ ತೆಂಗು. ನೆಲದಿಂದ ಎರಡಡಿ ಮೇಲೆ ಕೆಂಗಂದು ರಸ ಒಸರಿ, ಒಣಗಿ ಕಪ್ಪಾಗಿದೆ. ಹರಳೂ (ಎಳೆ ಮಿಡಿಗಾಯಿ) ಬಹಳ ಉದುರುತ್ತಿವೆ. ಡಾಂಬರು ಬಳಿದರೆ ಸಾಕಾ?

ಗಿಡಮದ್ದು: ಈಗಲೇ ಬಳಿಯಬೇಡಿ ಸರ್, ಕೊಳೆತದ್ದು ಒಳಗೇ ಉಳಿದು ಮುಂದುವರಿಯುತ್ತದೆ. ರಸ ಎಲ್ಲಿಂದ ಶುರುವಾಗಿದೆ ಅನ್ನುವುದೇ ಮುಖ್ಯ. ಸೋರುವ ರೋಗದಲ್ಲಿ ಕಾಂಡದ ಉದ್ದುದ್ದ ಬಿರುಕುಗಳಿಂದ ಅಲ್ಲಲ್ಲಿ ಒಸರುತ್ತದೆ, ಗರಿಗಳು ಬಹಳ ದಿನ ಹಸಿರಾಗೇ ಇರುತ್ತವೆ. ಅಣಬೆ ರೋಗದಲ್ಲಿ ನೆಲಮಟ್ಟದಿಂದ ಹೊರಟು ಮೇಲಕ್ಕೇರುತ್ತದೆ. ಕೆಳಗಿನ ಗರಿಗಳು ಹಳದಿಯಾಗಿ ಕಾಂಡಕ್ಕೆ ಒರಗಿ ಜೋತುಬೀಳುತ್ತವೆ. ತೂತು, ಅದರ ಬಾಯಲ್ಲಿ ಅಗಿದ ನಾರು, ಕಿವಿಯಿಟ್ಟರೆ ಕರಕರ ಸದ್ದು ಇದ್ದರೆ ಕೆಂಪು ಮೂತಿ ಹುಳು, ಅದರ ಮದ್ದೇ ಬೇರೆ. ಬುಡ ಕೆದಕಿ ನಾಲ್ಕು ಬೇರು ಚಿವುಟಿ ನೋಡಿ, ಕಾಂಡವನ್ನು ಸುತ್ತಿಗೆಯಲ್ಲಿ ತಟ್ಟಿ ನೋಡಿ.

ಹಿತ್ತಲಮನೆ: ಬೇರು ಗಟ್ಟಿಯಿವೆ, ಗರಿ ಹಸಿರು. ಬಿರುಕು ಗೇಣುದ್ದ. ತಟ್ಟಿದರೆ ಅಲ್ಲಿ ಮಾತ್ರ ಬೊದಬೊದ ಅನ್ನುತ್ತದೆ.

ಗಿಡಮದ್ದು: ಹಾಗಾದರೆ ಸೋರುವ ರೋಗವೇ. ಮಳೆಯಿಲ್ಲದ ದಿನ ಕೊಳೆತ ಭಾಗವನ್ನೂ ಸುತ್ತಲ ಬೆರಳಗಲ ಒಳ್ಳೆ ತಿರುಳನ್ನೂ ಉಳಿಯಿಂದ ಕೆತ್ತಿ. ಕೆಳಗಿನ ಅಂಚು ಹೊರಕ್ಕೆ ಇಳಿಜಾರಾಗಿರಲಿ; ಬಟ್ಟಲಿನ ಹಾಗಾದರೆ ನೀರು ನಿಂತು ಮತ್ತೆ ಕೊಳೆಯುತ್ತದೆ. ಚೂರುಗಳನ್ನು ಆಯ್ದು ಸುಡಿ. ಆಮೇಲೆ ಬೋರ್ಡೋ ಮುಲಾಮು: 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿಗೆ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿಗೆ, ಬೇರೆಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ ಕೂಡಿಸಿ. ಹೊಳಪಿನ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು. ಅಂದೇ ಬಳಿಯಿರಿ, ಎರಡು ದಿನ ಬಿಟ್ಟು ಡಾಂಬರು. ಮಾವು, ಹಲಸಿನಂತೆ ತೆಂಗಿನ ಗಾಯ ಕೂಡುವುದಿಲ್ಲ, ಈ ಲೇಪವೇ ಅದಕ್ಕೆ ತೊಗಟೆ. ಹತ್ತಲು ಕಾಂಡಕ್ಕೆ ಕಚ್ಚು ಹಾಕುವುದನ್ನೂ ನಿಲ್ಲಿಸಿ.

ಬೇರುಗೆಲಸ: ಹರಳು ಉದುರುವುದನ್ನು ಈ ರೋಗದ ಲೆಕ್ಕಕ್ಕೇ ಹಾಕಬೇಡಿ, ಒಮ್ಮೆ ಒಣಗಿಸಿ ಒಮ್ಮೆಲೇ ನೀರು ಬಿಟ್ಟರೂ ಉದುರುತ್ತವೆ. ಪಾತಿಗೆ ವರ್ಷಕ್ಕೆ 5 ಕೆಜಿ ಬೇವಿನ ಹಿಂಡಿ, ಅದರೊಂದಿಗೆ 50 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಕೊಡಿ. ಮುಲಾಮು ಬಳಿಯುವಾಗ ಪಾತಿಗೆ ಗೋಣಿ ಹಾಸಿ, ತಾಮ್ರ ಬಿದ್ದರೆ ಟ್ರೈಕೋಡರ್ಮಾ ಸಾಯುತ್ತದೆ. ಮಳೆಗಾಲದಲ್ಲಿ ಬುಡದಲ್ಲಿ ಮೆರುಗೆಣ್ಣೆ ಬಳಿದಂಥ ಕೆಂಗಂದು ಅಣಬೆ ಎದ್ದರೆ ಮಾತ್ರ ಲೆಕ್ಕ ಬದಲು, ಅದು ಅಣಬೆ ರೋಗ: ಬುಡದಿಂದ ಐದಡಿ ದೂರಕ್ಕೆ, ಎರಡಡಿ ಆಳ, ಒಂದಡಿ ಅಗಲದ ಕಂದಕ ತೋಡಿ ಪಕ್ಕದ ಮರಗಳಿಂದ ಬೇರ್ಪಡಿಸಿ, ಇಲ್ಲಿ ಫೋಟೋ ಹಾಕಿ.